ನಮ್ಮ ಮನೆಯಲ್ಲಿ ಮಾತ್ರ ಹೋಗುತ್ತಿದ್ದ ಕರೆಂಟು

ಆ ವರ್ಷಗಳಲ್ಲಿ ನಾಶಿಕದಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಲೋಡ್‌ಶೆಡ್ಡಿಂಗ್‌ನ ಹೊತ್ತು ನೋಡಿಕೊಂಡೇ ಚಟ್ನಿ ರುಬ್ಬುತ್ತಿದ್ದೆವು. ಆದರೆ ಆ ಬೇಸಿಗೆ, ಬೆಳಗ್ಗೆ ನಮ್ಮ ಫ್ಯಾನು ನಿಂತ ಮೇಲೂ ಕೆಳಗೆ ಮನೆಯೊಡತಿಯ ಮಿಕ್ಸರ್ ಗರಗರ ಎನ್ನುತ್ತಿತ್ತು. ನನ್ನ ಸಂಶಯ ಹುಟ್ಟಿದ್ದು ಆ ಸದ್ದಿನಿಂದ.

ನಾವು ಮಹಡಿಯ ಬಾಡಿಗೆದಾರರು. ನನ್ನ ಗಂಡ ಓಝರ್ ಕಡೆಯ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಧಾರವಾಡದಿಂದ ಬಂದ ಅತ್ತೆಯೂ ನಮ್ಮ ಜೊತೆಗಿದ್ದರು. ಮನೆಯೊಡತಿಯನ್ನು ಕಾಕೂ ಎನ್ನುತ್ತಿದ್ದೆವು. ಅವರ ಮಗ ಔರಂಗಾಬಾದಿನಲ್ಲಿ, ಅಂದರೆ ಈಗಿನ ಸಂಭಾಜಿನಗರದಲ್ಲಿ, ಕೆಲಸಕ್ಕಿದ್ದ. ಮದುವೆ ಗೊತ್ತಾಗಿತ್ತು. ಅವನಿಗೆ ನಮ್ಮ ಮಹಡಿ ಬೇಕಂತೆ ಎಂದು ಓಣಿಯಲ್ಲಿ ಮಾತಿತ್ತು. ಕಾಕೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಒಂದು ದಿನ ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಅದೇ ವಾರ ಕರೆಂಟಿನ ಕಾಟ ಶುರುವಾಯಿತು. ನಮ್ಮ ಮೀಟರ್ ಇದ್ದದ್ದು ಮೆಟ್ಟಿಲ ಕೆಳಗೆ, ಅವರ ಬಾಗಿಲಿಗೆ ಹತ್ತಿಕೊಂಡೇ. ಎರಡನ್ನೂ ಜೋಡಿಸಿ ನೋಡಲು ಬಹಳ ಬುದ್ಧಿ ಬೇಕಿರಲಿಲ್ಲ.

ಮಗಳು ಹತ್ತನೆಯ ಇಯತ್ತೆಗೆ ಬಂದಿದ್ದಳು. ಶಾಲೆ, ಟ್ಯೂಷನ್ ಎರಡೂ ಕೂಗಳತೆಯಲ್ಲಿ. ಈ ವರ್ಷ ಮನೆ ಬಿಡುವುದೆಂದರೆ ಅವಳ ಓದಿಗೆ ಕಲ್ಲು ಹಾಕಿದಂತೆ.

ಕೆಳಗೆ ಹೋಗಿ ನೋಡಿದರೆ ನಮ್ಮ ಟ್ರಿಪ್ ಸ್ವಿಚ್ಚಿನ ಗುಂಡಿ ಕೆಳಗೆ ಬಿದ್ದಿರುತ್ತಿತ್ತು. ತಾನಾಗಿ ಬಿತ್ತೋ, ಯಾರಾದರೂ ಬೀಳಿಸಿದರೋ, ಅದು ಹೇಳುವುದಿಲ್ಲ. ಎತ್ತಿದರೆ ನಿಲ್ಲುತ್ತಿತ್ತು, ನಾನು ಮೆಟ್ಟಿಲು ಹತ್ತಿ ಅಡಿಗೆಮನೆ ಸೇರುವಷ್ಟರಲ್ಲಿ ಮತ್ತೆ ಇಲ್ಲ. ಮಧ್ಯಾಹ್ನದ ಮೇಲೆ ಎಲ್ಲ ಸರಿ. ಸಂಜೆ ಇವರು ಬಂದು ಇಸ್ತ್ರಿ, ಮಿಕ್ಸರ್, ಗೀಸರ್ ಎಲ್ಲವನ್ನೂ ಹಚ್ಚಿ ನೋಡುತ್ತಿದ್ದರು.

“ಎಲ್ಲಾ ಬರೋಬರ್ ಅದ. ನೀ ಸುಮ್ಮನ ಕನಸ ಕಾಣ್ತಿ.”

“ಕನಸಿನ್ಯಾಗ ಕಾಕೂನ ಮಿಕ್ಸರ್ ತಿರಗ್ತದೇನ್ರಿ?”

ನನ್ನ ಬಾಯಿ ಮುಚ್ಚಿಸಲೆಂದೇ ಇವರು ಸ್ವಿಚ್ಚಿನ ಪೆಟ್ಟಿಗೆಗೆ ಒಂದು ಪುಟ್ಟ ಬೀಗ ಹಾಕಿದರು. ಕೀಲಿ ನನ್ನ ಸೆರಗಿನ ಗಂಟಿನಲ್ಲಿ. ಕಾಕೂ ಅದನ್ನು ನೋಡಿ, ಒಳಗೇನು ಬಂಗಾರ ಇಟ್ಟಿದ್ದೀರಾ ಎಂದು ಮರಾಠಿಯಲ್ಲಿ ಕೊಂಕು ನುಡಿದರು.

“ಉಂದೀರ್ ಫಾರ್ ಝಾಲೇತ್, ಕಾಕೂ,” ಇಲಿ ಬಹಳವಾಗಿವೆ ಎಂದೆ.

ಮರುದಿನ ಬೀಗ ಹಾಕಿದಂತೆಯೇ ಇತ್ತು, ಕರೆಂಟು ಹೋಗಿತ್ತು. ಆಗಲಾದರೂ ನಾನು ಕಾಕೂ ಮೇಲಿನ ಸಂಶಯ ಬಿಡಬೇಕಿತ್ತು. ಬದಲಿಗೆ, ಇಂಥ ಬೀಗಕ್ಕೆ ಯಾವ ಕೀಲಿಯಾದರೂ ಹತ್ತುತ್ತದೆ ಎಂದುಕೊಂಡೆ. ಇವರು ಸದ್ದಿಲ್ಲದೆ ಓಝರ್ ಹತ್ತಿರ ಬೇರೊಂದು ಮನೆ ನೋಡಿಬಂದರು. ರವಿವಾರ ಸಂಜೆಯೊಳಗೆ ಆ ಮನೆಯವರಿಗೆ ಉತ್ತರ ಹೇಳಬೇಕಿತ್ತು.

ಆ ರವಿವಾರ ಬೆಳಗ್ಗೆ ಇವರು ಮನೆಯಲ್ಲಿದ್ದಾಗಲೇ ಕರೆಂಟು ಹೋಯಿತು. ಫ್ರಿಜ್ಜಿನದೂ ಸೇರಿ ಎಲ್ಲ ಪಿನ್ನುಗಳನ್ನು ಕಿತ್ತರು. ಗುಂಡಿ ಎತ್ತಿದರು. ಸ್ವಲ್ಪ ನಿಂತು ಮತ್ತೆ ಬಿತ್ತು.

“ಸಾಮಾನಿನ್ಯಾಗ ಇಲ್ಲ. ಗ್ವಾಡ್ಯಾಗ ಅದ,” ಎಂದರು.

ಆಮೇಲೆ ಒಂದೊಂದು ಕೋಣೆಯ ಲೈನನ್ನು ಬಂದ್ ಮಾಡುತ್ತ ಬಂದರು. ನಡುಮನೆ ಬಂದ್ ಮಾಡಿದರೂ ಗುಂಡಿ ಬಿತ್ತು, ಅಡಿಗೆಮನೆ ಬಂದ್ ಮಾಡಿದರೂ ಬಿತ್ತು. ಓಣಿಯಂಥ ಪ್ಯಾಸೇಜಿನ ಲೈನ್ ಬಂದ್ ಮಾಡಿದಾಗ ಮಾತ್ರ ಗಟ್ಟಿಯಾಗಿ ನಿಂತಿತು.

ಪ್ಯಾಸೇಜಿನಲ್ಲಿದ್ದದ್ದು ಅತ್ತೆಯ ಮಡಿ ಸೀರೆ. ತಾರಸಿಗೆ ಬೀಗ ಬಿದ್ದಮೇಲೆ ಅಲ್ಲಿಯೇ ಮೇಲೊಂದು ಗಳ ಕಟ್ಟಿಸಿಕೊಂಡಿದ್ದರು. ಸ್ನಾನ ಮುಗಿಸಿ, ಸೀರೆ ಹಿಂಡಿಯೂ ಹಿಂಡದ ಹಾಗೆ ಕೋಲಿನಿಂದ ಅದರ ಮೇಲೆ ಹರಡುವರು. ನೈವೇದ್ಯ ಆಗುವ ತನಕ ನಾವು ಯಾರೂ ಅತ್ತ ಸುಳಿಯುವಂತಿರಲಿಲ್ಲ. ಸುಳಿಯಬಹುದಾದ ಹೊತ್ತಿಗೆ, ನಾಶಿಕದ ಒಣ ಧಗೆಗೆ, ಸೀರೆಯೂ ಗೋಡೆಯೂ ಗರಿಗರಿ.

“ಅವ್ವಾ, ಆ ಸೀರಿ ಸ್ವಲ್ಪ ಸರಸ್ತೀನಿ,” ಎಂದರು ಇವರು.

“ಮುಟ್ಟಿಗಿಟ್ಟೀಯೋ! ಮತ್ತ ಸ್ನಾನ ಬಿತ್ತು ನನಗ. ನೈವೇದ್ಯ ಆಗ್ಲಿ.”

“ಕರೆಂಟು ಹೋಗೇದವ್ವಾ.”

“ದೇವರ ಮುಂದ ದೀಪ ಅದ, ಬಿಡು.”

ಇವರು ದೂರದಲ್ಲೇ ನಿಂತು ಟಾರ್ಚ್ ಬಿಟ್ಟರು. ಸೀರೆಯ ಅಂಚು ಗೋಡೆಗೆ ತಾಗಿ, ಅಲ್ಲಿಂದ ನೀರು ಗೆರೆಯಾಗಿ ಇಳಿದು, ಮುಚ್ಚಳವಿಲ್ಲದ ದುಂಡನೆಯ ವೈರಿನ ಡಬ್ಬಿಯೊಳಗೆ ಹೋಗುತ್ತಿತ್ತು. ಒಳಗಿನ ಜೋಡಣೆಯ ಟೇಪು ಬಿಚ್ಚಿಕೊಂಡಿತ್ತು. ನೀರು ತಾಗಿದಾಗಲೆಲ್ಲ ಕರೆಂಟು ಸೋರಿ ಗುಂಡಿ ಬೀಳುತ್ತಿತ್ತು. ನೈವೇದ್ಯದ ನಂತರ ಅದನ್ನು ಒಣಗಿಸಿ, ಹೊಸ ಟೇಪು ಸುತ್ತಿ, ಮುಚ್ಚಳ ಹಾಕಿದರು. ಕರೆಂಟು ಹೋಗದೆ ನಿಂತಿತು.

ನನ್ನ ಮನಸ್ಸು ನಿಲ್ಲಲಿಲ್ಲ. ತಾರಸಿಗೆ ಬೀಗ ಹಾಕಿದ್ದಾದರೂ ಯಾಕೆ? ಕೆಳಗಿಳಿದು ನೇರವಾಗಿ ಕೇಳಿಯೇಬಿಟ್ಟೆ: ನಮ್ಮಿಂದ ಮನೆ ಬಿಡಿಸಬೇಕೆಂದಿದ್ದೀರಾ, ಕಾಕೂ?

ಕಾಕೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತಾರಸಿಯಲ್ಲಿ ಒಣಹಾಕಿದ ಕುರಡಿ ಸಂಡಿಗೆ ದಿನಾ ಕಡಿಮೆಯಾಗುತ್ತಿತ್ತಂತೆ. ಬೆಳಗ್ಗೆ ಸೀರೆ ಒಣಹಾಕಲು ಮೇಲೆ ಹೋಗುತ್ತಿದ್ದವರು ನಮ್ಮ ಅತ್ತೆಯೇ ಅಲ್ಲವೇ? ಮೇಲಾಗಿ ಪೆಟ್ಟಿಗೆಗೆ ಬೀಗ ಕಂಡು, ನಾವು ಏನೋ ಮುಚ್ಚಿಟ್ಟು ಹೇಳದೆ ಕೇಳದೆ ಮನೆ ಖಾಲಿ ಮಾಡುವವರೆಂದು ಅವರು ಎಣಿಸಿದ್ದರು. ಮಗ ಇಲ್ಲಿಗೆ ಬರುವುದಿಲ್ಲ, ಸೊಸೆಗೂ ಅಲ್ಲಿಯೇ ನೌಕರಿ ಎಂದರು. ಅತ್ತೆಗೆ ಬೆಳಗ್ಗೆ ತಾರಸಿಯ ಬಾಗಿಲು ತೆಗೆದುಕೊಡಲು ಒಪ್ಪಿದರು. “ಪಣ್ ಮೀ ತಿಥೇ ಬಸಣಾರ್,” ಆದರೆ ನಾನೂ ಅಲ್ಲೇ ಕೂತಿರುತ್ತೇನೆ ಎಂದರು.

ಮೇಲೆ ಬಂದು ಇವರಿಗೆ ಹೇಳಿದೆ: “ಆ ಮನಿ ಬ್ಯಾಡ ಅಂತ ಹೇಳ್ರಿ.”

“ತಡಿ, ಅವರ ಮಗನ ಮದುವಿ ಆಗ್ಲಿ. ನೋಡೋಣು.”

ಮಗಳು ಒಳಗೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ನಾನೇ ಫೋನ್ ಎತ್ತಿ ಓಝರಿನ ಮನೆಯಾತನಿಗೆ, ನಮಗೆ ಮನೆ ಬೇಡವೆಂದು ತಿಳಿಸಿದೆ.

ತನ್ನ ಮನೆಯ ಬಗ್ಗೆ ನಮಗೆ ಯಾರು ಏನು ಹೇಳಿದರು ಎಂದು ಆತ ಕೇಳಿದ.

ಯಾರೂ ಏನೂ ಹೇಳಿಲ್ಲ ಎಂದೆ. ಆತ ನಂಬಲಿಲ್ಲ.