ಮಾತಾಡದವಳನ್ನು ಕಂಡರೆ ಭಯ

ದೆಹಲಿ ಪಕ್ಕದ ನೋಯ್ಡಾದ ಆಫೀಸಿನಲ್ಲಿ ನನ್ನ ಮೊದಲ ಮೀಟಿಂಗು. ಇಬ್ಬರು ಮೇಜು ಗುದ್ದಿ ಕೂಗಾಡುತ್ತಿದ್ದರು. ಒಬ್ಬನ ಕತ್ತಿನ ನರ ಉಬ್ಬಿತ್ತು. ಇನ್ನೇನು ಹೊಡೆದಾಡುತ್ತಾರೆಂದು ನಾನು ಕುರ್ಚಿಯನ್ನು ಬಾಗಿಲ ಕಡೆ ಸರಿಸಿಕೊಂಡೆ. ಮೀಟಿಂಗು ಮುಗಿದದ್ದೇ ಅವರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಛೋಲೆ ಭಟೂರೆ ತಿನ್ನಲು ಹೋದರು. ಅದು ಜಗಳವಲ್ಲವಂತೆ, ಗ್ರಾಹಕರಿಗೆ ಕೆಲಸ ಯಾವಾಗ ಮುಗಿಸಿ ಕೊಡುವುದೆಂಬ ಚರ್ಚೆಯಂತೆ!

ಹೊಸದುರ್ಗದ ನಮ್ಮ ಮನೆಯಲ್ಲಿ ದನಿ ಏರಿತೆಂದರೆ ಆ ದಿನ ಯಾರೋ ಉಣ್ಣದೆ ಮಲಗುತ್ತಾರೆ ಎಂದರ್ಥ. ದೊಡ್ಡವರು ಕೇಳಿದರೆ ಮಾತು, ಇಲ್ಲದಿದ್ದರೆ ಇಲ್ಲ. ಹಾಗೆ ಬೆಳೆದು, ಬೆಳಿಗ್ಗೆ ಹೂ ಕಟ್ಟಿ ಆಮೇಲೆ ಕಾಲೇಜಿಗೆ ಹೋಗಿ, ನಮ್ಮ ವಂಶದಲ್ಲೇ ಮೊದಲ ಡಿಗ್ರಿ ತಂದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮೇಷ್ಟ್ರುಗಳು ‘ಬಾಯಿ ಸತ್ತ ಹುಡುಗಿ, ಬಲು ಒಳ್ಳೆಯವಳು’ ಎಂದು ಹೊಗಳುತ್ತಿದ್ದರು.

ದೆಹಲಿಯಲ್ಲಿ ಆ ಒಳ್ಳೆಯತನ ನಡೆಯಲಿಲ್ಲ. ಮಯೂರ್ ವಿಹಾರದಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೆ ತರಕಾರಿ ಗಾಡಿಯ ಭಯ್ಯಾ ನಿಲ್ಲುತ್ತಾನೆ. ಚೌಕಾಸಿ ಮಾಡದೆ ಪಾಲಕ್ ಕೊಂಡರೆ ಅವನಿಗೂ ಅನುಮಾನ. “ನಾರಾಜ್ ಹೋ ಕ್ಯಾ, ದೀದಿ?” ಸಿಟ್ಟಾ ಅಕ್ಕಾ, ಎಂದು ಕೇಳುತ್ತಿದ್ದ.

ಪ್ರೊಬೇಷನ್ ಮುಗಿಯುತ್ತಾ ಬಂದಾಗ ಮ್ಯಾನೇಜರ್ ಭಾಟಿಯಾ ಸರ್ ಕರೆದರು. ಖಾಯಂ ಆಗದಿದ್ದರೆ ಪೆಟ್ಟಿಗೆ ಕಟ್ಟುವುದೊಂದೇ ದಾರಿ.

“ಕೆಲಸದಲ್ಲಿ ತಪ್ಪಿಲ್ಲ. ಆದ್ರೆ ಟೀಮಿನವರಿಗೆ ನಿನ್ನ ಕಂಡ್ರೆ ಭಯ.”

“ನನ್ನ ಕಂಡರಾ, ಸರ್?”

“ಎಲ್ಲಾ ಕೇಳಿಸ್ಕೊಳ್ತೀಯ, ಏನೂ ಹೇಳಲ್ಲ. ಹೆಡ್ ಆಫೀಸಿಗೆ ಚಾಡಿ ಹೇಳೋಳು ಅಂದ್ಕೊಂಡಿದ್ದಾರೆ. ಹೀಗಿದ್ರೆ ಹೇಗೆ ಖಾಯಂ ಮಾಡ್ಲಿ?”

ಹೊರಗೆ ಬಂದಾಗ ಪಕ್ಕದ ಸೀಟಿನ ಸಿಮ್ರನ್ ಕಾಯುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ. ನಾನು ಊಟದ ಕೋಣೆಗೆ ಬಂದೊಡನೆ ಮಾತು ನಿಲ್ಲುತ್ತಿತ್ತು. ಹೊರಗಿನವಳೆಂಬ ತಾತ್ಸಾರಕ್ಕೆ ಎಂದುಕೊಂಡಿದ್ದೆ. ಅದನ್ನು ಹೇಳಿದಾಗ ಅವಳು ತಲೆ ಚಚ್ಚಿಕೊಂಡಳು. “ಅರೇ ಯಾರ್, ನಿನ್ನನ್ನ ಎಲ್ಲರೂ ಘುನ್ನೀ ಅಂತಾರೆ!” ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸಮಯ ಕಾಯುವವಳಿಗೆ ಇಲ್ಲಿನವರು ಇಟ್ಟ ಹೆಸರದು. “ಚಲೋ, ನಾಳೆ ಮೀಟಿಂಗಲ್ಲಿ ಯಾರ ಜೊತೆಗಾದ್ರೂ ಜಗಳ ಆಡು.”

ನಾನು ಇವರಿಗೆ ಹೆದರಿ ಮುದುಡಿದಷ್ಟೂ ಇವರು ನನಗೆ ಹೆದರುತ್ತಿದ್ದರು!

ಮರುದಿನದ ಮೀಟಿಂಗಿನಲ್ಲಿ ಭಾಟಿಯಾ ಸರ್, “ಈ ಕೆಲಸ ಶುಕ್ರವಾರ ಮುಗೀಬೇಕು,” ಎಂದರು. ಮುಗಿಯುವುದಿಲ್ಲವೆಂದು ನನಗೆ ಗೊತ್ತಿತ್ತು. “ನಹೀಂ ಸರ್, ಗಲತ್ ಹೈ,” ಇಲ್ಲ ಸರ್, ಅದು ತಪ್ಪು, ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಸಿಮ್ರನ್, “ಬೋಲ್ತೀ ಹೈ ಯೇ!” ಇವಳಿಗೆ ಮಾತು ಬರುತ್ತೆ, ಎಂದು ಕೂಗಿದಳು. ಎಲ್ಲರೂ ನಕ್ಕರು, ಸರ್ ಮೇಜು ಗುದ್ದಿ ವಾದಕ್ಕಿಳಿದರು. ಮಧ್ಯಾಹ್ನ ಮೊದಲ ಸಲ ನನ್ನ ಚಿತ್ರಾನ್ನಕ್ಕೆ ನಾಲ್ಕು ಕೈ ಬಂದವು. ಕೆಲಸ ಖಾಯಂ ಆಯಿತು. ಆದರೂ ಪ್ರತಿ ಮೀಟಿಂಗಿಗೂ ಮುಂಚೆ ಆಡಬೇಕಾದ ಮಾತನ್ನು ಒಳಗೊಳಗೇ ಎರಡು ಸಲ ಹೇಳಿಕೊಳ್ಳುತ್ತೇನೆ.

ದೀಪಾವಳಿಗೆ ಊರಿಗೆ ಹೋದೆ. ಅಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸದವರು. ಮಾಲೀಕರು ಮನೆಗೇ ಬಂದು, “ತಿಪ್ಪೇಶಿ, ನಾಳೆ ಹಬ್ಬ ಆದ್ರೂ ಬಂದ್ಬಿಡು, ಗಿರಾಕಿ ಜಾಸ್ತಿ,” ಎಂದರು.

“ಇಲ್ಲ, ಅದು ತಪ್ಪು. ಹಬ್ಬಕ್ಕೂ ರಜೆ ಇಲ್ಲ ಅಂದ್ರೆ ಹೇಗೆ?” ಎಂದವಳು ನಾನು. ಕೈ ತಾನಾಗಿ ಜಗಲಿಯ ಮೇಲೆ ಗುದ್ದಿತ್ತು.

ಅವರೂ ಗುದ್ದಿ ವಾದಿಸುತ್ತಾರೆ, ಆಮೇಲೆ ನಗುತ್ತಾರೆ ಎಂದು ಕಾದೆ. ಅವರು ಕಾಫಿ ಲೋಟ ಕೆಳಗಿಟ್ಟರು. “ದಿಲ್ಲಿ ಚೆನ್ನಾಗಿ ಮಾತು ಕಲಿಸಿದೆ ಬಿಡಮ್ಮ,” ಎಂದು ಎದ್ದು ಹೋದರು.

“ನಿಮ್ಮಪ್ಪನ ಬದಲು ಬೇರೆಯವ್ರನ್ನ ಇಟ್ಕೊಂಡ್ರೆ ಏನ್ ಮಾಡ್ತೀಯವ್ವಾ?” ಎಂದು ಅಮ್ಮ ಕೇಳಿದರು. ಅಪ್ಪ ಏನೂ ಅನ್ನಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೋ ಎಂದು ಹುಟ್ಟಿದಾಗಿನಿಂದ ಮೊದಲ ಸಲ ಹೆದರಿದೆ.

ಹಬ್ಬದ ದಿನ ಅಪ್ಪ ತಲೆಗೆ ನೀರು ಹಾಕಿಕೊಂಡು, ಹೊಸ ಅಂಗಿ ತೊಡದೆ ಗಿರಣಿಗೆ ಹೊರಟರು. ದೆಹಲಿಯಲ್ಲಿ ಬಾಯಿ ಬಿಡದಿದ್ದರೆ ನನ್ನ ಅನ್ನ ಹೋಗುತ್ತದೆ, ಇಲ್ಲಿ ಬಿಟ್ಟರೆ ಅವರದು. ನಾನು ಬಾಗಿಲ ಕಂಬ ಹಿಡಿದು ಕಿವಿ ಕೊಟ್ಟು ನಿಂತೆ. ಬಹಳ ಹೊತ್ತಿನ ಮೇಲೆ ಗಿರಣಿ ಶುರುವಾದ ಸದ್ದು ಬಂತು. ಅದನ್ನು ನಡೆಸುತ್ತಿರುವುದು ಅಪ್ಪನೋ ಬೇರೆಯವರೋ, ಅಲ್ಲಿಂದ ತಿಳಿಯುವಂತಿರಲಿಲ್ಲ.