ಹೋಗುವ ವೇಗ

ಊರಿನ ಅಂಚು ದಾಟಿದರೆ ಬಟ್ಟಬಯಲು. ಅದರ ನಡುವೆ ಒಂದು ಪಂಪ್‌ಹೌಸು, ಪಂಪ್‌ಹೌಸಿಗೆ ಅಂಟಿಕೊಂಡಂತೆ ಎರಡು ಕೋಣೆಯ ಮನೆ. ಗಂಡನಿಗೆ ಪಂಪ್ ಆಪರೇಟರ್ ಕೆಲಸ ಸಿಕ್ಕಿತೆಂದು ಅವಳು ಅಲ್ಲಿಗೆ ಬಂದಳು. ಜೊತೆಗೆ ಅತ್ತೆ ಬಂದರು, ಅತ್ತೆಯ ನಾಲಿಗೆಯೂ ಬಂತು.

ಅವಳದು ಕೈಯಲ್ಲಿ ಮಾತಾಡುವ ಕೆಲಸ. ಕಿವಿ ಕೇಳದವರು ಆಸ್ಪತ್ರೆಗೆ ಹೋದರೆ ಅಲ್ಲಿನ ಪರದೆಯ ಮೇಲೆ ಇವಳು ಮೂಡುತ್ತಾಳೆ. ಡಾಕ್ಟರ ಮಾತನ್ನು ಸನ್ನೆಯಲ್ಲಿ ತೋರಿಸುತ್ತಾಳೆ, ರೋಗಿಯ ಸನ್ನೆಯನ್ನು ಬಾಯಲ್ಲಿ ಹೇಳುತ್ತಾಳೆ. ಕೇಳಿದಷ್ಟು, ಕಂಡಷ್ಟು, ಅಷ್ಟೇ. ಸ್ವಂತದ್ದು ಒಂದಕ್ಷರವೂ ಸೇರಿಸುವಂತಿಲ್ಲ. ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಸೊಸೆ ದಿನವಿಡೀ ಕೂತು ನೊಣ ಓಡಿಸ್ತಾಳೆ. ಅದಕ್ಕೂ ಸಂಬಳ ಕೊಡ್ತಾರಂತೆ!"

ಆ ಮನೆಗೆ ಇಂಟರ್ನೆಟ್ ಹಾಕಿಸುವಾಗ ಮಗಳಿಗೆ ಗಂಡು ಹುಡುಕಿದಷ್ಟು ಚರ್ಚೆಯಾಯಿತು. ಕೇಬಲ್ಲು ಎಲ್ಲಕ್ಕಿಂತ ನಂಬಿಕಸ್ತ, ಆದರೆ ಅದು ಊರಂಚಿನ ಟೈರ್ ಅಂಗಡಿಗೇ ನಿಂತುಬಿಟ್ಟಿತ್ತು. ಮುಂದೆ ಕಂಬವೇ ಇಲ್ಲ. "ಹಾಕ್ತೀವಿ ಮೇಡಂ" ಎಂದ ಕೇಬಲ್ಲಿನವನು, ಯಾವಾಗ ಎಂದರೆ ಆಕಾಶ ನೋಡಿದ. ಆಕಾಶದ್ದೂ ಒಂದಿತ್ತು, ಡಿಶ್ಶು. ಅದಕ್ಕೆ ಕಂಬದ ಹಂಗಿಲ್ಲ. ಆದರೆ ಮೇಲೆ ಹೋಗಿ ಕೆಳಗಿಳಿಯುವಷ್ಟರಲ್ಲಿ ಅವಳ ಸನ್ನೆ ತಡವಾಗಿ, ಆಚೆಯವರೂ ಈಚೆಯವಳೂ ಒಟ್ಟಿಗೇ ಕೈಯೆತ್ತಿ ಒಟ್ಟಿಗೇ ಸುಮ್ಮನಾಗುವಂತಾಗುತ್ತಿತ್ತು. ಉಳಿದದ್ದು ಸಿಮ್ ಹಾಕಿ ಕಿಟಕಿಯಲ್ಲಿಡುವ ಪುಟ್ಟ ಪೆಟ್ಟಿಗೆ. ಗಂಡ ಅದರಲ್ಲಿ ಇಡೀ ಸಿನಿಮಾ ನೋಡಿ, "ಎಲ್ಲೂ ನಿಲ್ಲಲಿಲ್ಲ ಕಣೇ, ನೀರು ಹರಿದ ಹಾಗೆ ಬಂತು" ಎಂದು ಒಪ್ಪಿಗೆ ಕೊಟ್ಟ.

ಸಿನಿಮಾ ಮನೆಗೆ ಬರುವಂಥದ್ದು. ಅವಳ ಕೈಗಳು ಮನೆಯಿಂದ ಹೋಗಬೇಕಾದವು. ಬರುವ ವೇಗ ಬೇರೆ, ಹೋಗುವ ವೇಗ ಬೇರೆ ಎಂದು ಅವಳಿಗೂ ಹೊಳೆಯಲಿಲ್ಲ. ಬೆಳಗಾದರೆ ಒಳಪೈಪು ಹೊರಪೈಪು ಎಂದು ಒದ್ದಾಡುವ ಆ ಮಹಾನುಭಾವನಿಗೂ ಹೊಳೆಯಲಿಲ್ಲ.

ಮೊದಮೊದಲು ಅವಳ ಚಿತ್ರ ಒಂದರೆಗಳಿಗೆ ನಿಂತು ಮತ್ತೆ ಚಲಿಸುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಆದರೆ ಕರೆ ಬಂದಾಗಲೆಲ್ಲ ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಂತೆ ಕೂತಿರುತ್ತಿದ್ದಳು.

ಆ ಮಧ್ಯಾಹ್ನದ ಕರೆ ಆಪರೇಷನ್ ಕೋಣೆಯಿಂದ ಬಂತು. ಚೊಚ್ಚಲ ಹೆರಿಗೆ. ತಾಯಿಗೆ ಕಿವಿ ಕೇಳದು. ಎದೆಗೆ ಅಡ್ಡವಾಗಿ ಹಸಿರು ಬಟ್ಟೆ ಕಟ್ಟಿದ್ದರು, ಒಂದು ಕೈಗೆ ಡ್ರಿಪ್ಪು. ಮಗುವನ್ನು ತೆಗೆದು ತಾಯಿಯ ತಲೆಯ ಹಿಂದಿನ ಮೇಜಿಗೆ ಒಯ್ದರು. ಎಲ್ಲರೂ ಅತ್ತ ಧಾವಿಸಿದರು. ತಾಯಿ ಬಿಡುವಾಗಿದ್ದ ಕೈಯೆತ್ತಿ ಪರದೆಗೆ ಕೇಳಿದಳು: ಅಳ್ತಿದೆಯಾ?

ಅವಳು ಕಿವಿಗೊಟ್ಟಳು. ಯಂತ್ರದ ಟಿಕ್ ಟಿಕ್, ಯಾರದೋ ಚಪ್ಪಲಿ ಸದ್ದು. ಅಳು ಇಲ್ಲ. ಸುಳ್ಳು ಹೇಳೋಣವೆನ್ನಿಸಿತು. ಆದರೂ ಕೇಳಿದಷ್ಟನ್ನೇ ತೋರಿಸಿದಳು: ಇನ್ನೂ ಇಲ್ಲ.

ಅಷ್ಟರಲ್ಲಿ ಅಳು ಕೇಳಿಸಿತು. ಮೊದಲು ಕೆಮ್ಮಿದಂತೆ, ಆಮೇಲೆ ಕೋಣೆ ಕಿತ್ತುಹೋಗುವಂತೆ. ಅವಳು ತಟ್ಟನೆ ಕೈಯೆತ್ತಿದಳು: ಅಳ್ತಿದೆ! ತಾಯಿಯ ಮುಖ ಬದಲಾಗಲಿಲ್ಲ. ನರ್ಸಿನ ದನಿ ಬಂತು: "ಮೇಡಂ, ನಿಮ್ಮ ಚಿತ್ರ ನಿಂತುಬಿಟ್ಟಿದೆ!"

ನಿಂತದ್ದು ಯಾವುದರ ಮೇಲೆಂದು ಅವಳಿಗೆ ಗೊತ್ತಿತ್ತು. ತಾಯಿಯ ಮುಖ ಅವಳಿಗೆ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಾಡದ ಆ 'ಇನ್ನೂ ಇಲ್ಲ'ವನ್ನೇ ನೋಡುತ್ತಾ ತಾಯಿ ಬಿಳಿಚಿಕೊಳ್ಳುತ್ತಿದ್ದಳು.

"ಮಗುನ ತೋರಿಸಿ ಅವರಿಗೆ!"

"ಈಗ ಆಗಲ್ಲ ಮೇಡಂ, ಸ್ವಲ್ಪ ತಾಳಿ." ನರ್ಸು ತಾಯಿಯತ್ತ ತಿರುಗಿ ತಲೆಯಾಡಿಸಿದಳು. ಮಾಸ್ಕಿನ ಹಿಂದಿನ ನಗು ಕಾಣಬೇಕಲ್ಲ!

ಅವಳು ಕರೆ ನಡೆಯುತ್ತಿದ್ದ ಫೋನನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡು ಓಡಿದಳು. ಪಂಪ್‌ಹೌಸಿನ ತಾರಸಿಯ ಮೇಲೆ ಪೆಟ್ಟಿಗೆಯ ಹಂಗಿಲ್ಲದೆ ಫೋನಿಗೇ ಒಳ್ಳೆಯ ಸಿಗ್ನಲ್ ಸಿಗುತ್ತಿತ್ತು. ಗಂಡ ತನ್ನ ಅಕ್ಕನೊಡನೆ ಹರಟುತ್ತಿದ್ದದ್ದು ಅಲ್ಲಿಂದಲೇ. ಕಬ್ಬಿಣದ ಏಣಿ ಹತ್ತಿ ನಿಂತಾಗ ಹೊಳೆಯಿತು, ಸನ್ನೆಗೆ ಎರಡು ಕೈಯೂ ಬೇಕು. ಫೋನು ಹಿಡಿಯುವವರು ಯಾರು?

"ಅತ್ತೇ! ಅತ್ತೇ, ಬನ್ನಿ ಬೇಗ!"

ಸ್ಟೂಲು ಹತ್ತಲೂ ಅಂಜುವ ಅತ್ತೆ ಏಣಿಯ ಬುಡಕ್ಕೆ ಬಂದರು. "ಏನಾಯ್ತೇ?"

"ಮಗು ಅಳ್ತಿದೆ, ಅದರ ತಾಯಿಗೆ ಗೊತ್ತಿಲ್ಲ! ಸತ್ತುಹೋಯ್ತು ಅಂದ್ಕೊಂಡಿದ್ದಾಳೆ!"

ಅತ್ತೆ ಸೀರೆ ಎತ್ತಿಕಟ್ಟಿ, ಸೊಸೆಗೂ ಏಣಿಗೂ ಪಂಪಿಗೂ ಶಾಪ ಹಾಕುತ್ತಾ ಹತ್ತಿಬಂದು, ಫೋನನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಕೈ ಮಾತ್ರ ಅಲುಗಲಿಲ್ಲ.

ಅವಳು ತೋರಿಸಿದಳು: ಅಳ್ತಿದೆ. ಮತ್ತೆ ತೋರಿಸಿದಳು. ತೋಳು ಸೋತರೂ ನಿಲ್ಲಿಸಲಿಲ್ಲ. ಜೋರಾಗಿ ಅಳ್ತಿದೆ. ಅಳ್ತಾನೇ ಇದೆ. ತಾಯಿಯ ಕಣ್ಣು ಪರದೆಯ ಮೇಲೆಯೇ ಇತ್ತು, ಬಾಡಿದ ಕಣ್ಣು. ಇದ್ದಕ್ಕಿದ್ದಂತೆ ಅದು ಅವಳ ಕೈಗಳ ಜೊತೆ ಚಲಿಸಿತು. ತಾಯಿಯ ತುಟಿ ಅದುರಿತು. ಬಿಡುವಾಗಿದ್ದ ಆ ಒಂದು ಕೈ ನಿಧಾನವಾಗಿ ಮೇಲೆದ್ದು ಏನೋ ಹೇಳಿತು.

"ಏನಂದ್ಲೇ?" ಅತ್ತೆ ಕಣ್ಣು ತೆರೆಯದೆಯೇ ಕೇಳಿದರು. "ಬಾಯಿಬಿಡೇ, ಏನಂದ್ಲು?"

ಅವಳು ಕಂಡಷ್ಟೇ ಹೇಳಿದಳು, ಒಂದಕ್ಷರವೂ ಸೇರಿಸದೆ.

"ಕೇಳಿಸ್ತು ಅಂದ್ಲು, ಅತ್ತೆ."