ಕಾಯಿ ತಟ್ಟುತ್ತಿದ್ದ ಗೆಣ್ಣು

ಕಾಯಿ ಸಾಹೇಬರ ಬಲಗೈ ನಡುಬೆರಳಿನ ಗೆಣ್ಣು ಅಡಿಕೆಯಷ್ಟು ದಪ್ಪಗೆ ಜಡ್ಡುಗಟ್ಟಿತ್ತು. ಹಿರಿಯೂರಿನಲ್ಲಿ ಆಯಸ್ಸೆಲ್ಲ ತೆಂಗಿನಕಾಯಿ ವ್ಯಾಪಾರ ಮಾಡಿದವರು. ಪ್ರತಿ ಕಾಯಿಯನ್ನೂ ಕಿವಿಗೆ ಹಿಡಿದು, ಆ ಗೆಣ್ಣಿನಿಂದ ತಟ್ಟಿಯೇ ಕೊಳ್ಳುತ್ತಿದ್ದರು. "ಕೊಳ್ಳಾಕೆ ಮುಂಚೆ ಕೇಳ್ಬೇಕು ಮೇಷ್ಟ್ರೇ. ಕೊಂಡ್ಮೇಲೆ ನಮ್ಮ ಅಳು ಬಿಟ್ಟು ಇನ್ನೇನೂ ಕೇಳ್ಸಲ್ಲ" ಎಂದು ನಗುತ್ತಿದ್ದರು.

ನಾನು ಇಲ್ಲಿನ ಕಾಲೇಜಿನಲ್ಲಿ ಬಿಬಿಎ ಮಕ್ಕಳಿಗೆ ಉದ್ಯಮಶೀಲತೆಯ ಪಾಠ ಹೇಳುವವನು. ಹುಟ್ಟಿದಾರಭ್ಯ ಒಂದು ಬೆಂಕಿಪೊಟ್ಟಣವನ್ನೂ ಮಾರಿದವನಲ್ಲ. ಒಮ್ಮೆ ಸಾಹೇಬರನ್ನು ಕ್ಲಾಸಿಗೆ ಕರೆದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಮನುಷ್ಯ, ಇಸ್ತ್ರಿ ಅಂಗಿ ತೊಟ್ಟು, ಆಟೋದಲ್ಲಿ ಎರಡು ಚೀಲ ಕಾಯಿ ಹೇರಿಕೊಂಡು ಬಂದರು. ಒಬ್ಬೊಬ್ಬರಿಗೂ ಒಂದೊಂದು ಕೊಟ್ಟು, "ತಟ್ರಿ, ಕೇಳ್ರಿ. ಯಾವುದು ಕೆಟ್ಟೈತೆ ಹೇಳ್ರಿ, ಆಮೇಲೆ ಒಡೆದು ನೋಡಾಣ" ಎಂದರು. ನನ್ನ ಪಾಠಕ್ಕೆ ತೂಕಡಿಸುತ್ತಿದ್ದ ಮಕ್ಕಳು ಟಕಟಕ ತಟ್ಟುತ್ತ ಜಗಳಕ್ಕೇ ಬಿದ್ದರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಯಾರೋ ದೊಡ್ಡ ಅತಿಥಿಯನ್ನು ಕರೆದುಕೊಂಡು ಬಾಗಿಲಿಗೆ ಬಂದರು. "ಏನ್ರೀ ಇದು ಸಂತೆ?"

ನಾನೇ ಕರೆಸಿದ್ದು ಎನ್ನಬೇಕಿತ್ತು. "ಅವರೇ ಬಂದುಬಿಟ್ಟರು ಸರ್" ಎಂದೆ. ಥೂ, ನನ್ನ ನಾಲಿಗೆಗೆ!

ಸಾಹೇಬರಿಗೆ ಅದು ಕೇಳಿಸಿತು. ಒಂದೂ ಕಾಯಿ ಒಡೆಯದೆ ಎಲ್ಲವನ್ನೂ ಚೀಲಕ್ಕೆ ತುಂಬಿದರು. "ಇರ್ಲಿ ಬಿಡ್ರಿ ಮೇಷ್ಟ್ರೇ, ಇನ್ನೊಂದಿನ ಬರ್ತೀನಿ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು. ನಾನು ಮತ್ತೆ ಕರೆಯಲಿಲ್ಲ, ಅವರ ಅಂಗಡಿ ಕಡೆ ಹೋಗುವುದನ್ನೂ ಬಿಟ್ಟೆ. ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಲೂ ನನಗೆ ಮುಖವಿರಲಿಲ್ಲ.

ಆಮೇಲೊಂದು ಲೇಖನಕ್ಕಾಗಿ, ನಮ್ಮ ಮಕ್ಕಳು ಉದ್ಯಮಕ್ಕಿಳಿಯಲು ಏನು ಕಾರಣ ಎಂದು ವಿಚಾರಿಸುತ್ತ ಹೊರಟೆ. ಆ ಕ್ಲಾಸಿನಲ್ಲಿದ್ದ ಯಲ್ಲದಕೆರೆಯ ಕುರಿಗಾರರ ಮನೆಯ ಹುಡುಗಿ ಈಗ ಸ್ವಂತ ಕಾಯಿ ವ್ಯಾಪಾರ ಮಾಡುತ್ತಾಳೆ.

"ಅವತ್ತು ನನ್ನ ಕಾಯಿ ಒಳ್ಳೇದೋ ಕೆಟ್ಟಿದ್ದೋ ಗೊತ್ತಾಗ್ಲೇ ಇಲ್ವಲ್ಲ ಸರ್. ಕೇಳಾಣ ಅಂತ ಸಂಜೆನೇ ಸಾಹೇಬ್ರ ಅಂಗಡಿಗೆ ಹೋದೆ. ಅವ್ರೇ ಕಲಿಸಿದ್ರು" ಎಂದಳು.

ಲೇಖನದಲ್ಲಿ ನಾನು ಬರೆದದ್ದು: ತರಗತಿಯ ಬೋಧನೆಯ ಪ್ರಭಾವ. ಬೋಧನೆ ಯಾರದೆಂದು ಬರೆಯಲಿಲ್ಲ. ಅದು ಅಚ್ಚಾಗಿದೆ, ಕೆಳಗೆ ನನ್ನ ಹೆಸರಿದೆ.

ವಿಚಾರಿಸಲು ಹೋಗಿದ್ದ ಆ ದಿನ ಹೊರಡುವಾಗ ಆ ಹುಡುಗಿ, "ಮನೆಗೊಂದು ಕಾಯಿ ತಗೊಂಡು ಹೋಗ್ರಿ ಸರ್, ನೀವೇ ಆರಿಸ್ರಿ" ಎಂದಳು. ರಾಶಿಯಿಂದ ಒಂದನ್ನು ತೆಗೆದು ಕಿವಿಗೆ ಹಿಡಿದು ತಟ್ಟಿದೆ. ನನಗೇನೂ ತಿಳಿಯಲಿಲ್ಲ. "ಚೆನ್ನಾಗಿದೆ" ಎಂದೆ.

ಅವಳು ಅದನ್ನು ಇಸಿದುಕೊಂಡು ಒಮ್ಮೆ ತಟ್ಟಿದಳು. ಕೆಟ್ಟ ಕಾಯಿಗಳ ಗುಡ್ಡೆಗೆ ಹಾಕಿ, ಬೇರೆಯದು ಕೊಟ್ಟಳು.